ಸುಟ್ಟ ಗಾಯ ಒಣಗಿದೆ, ಆದರೆ ಅಮ್ಮನ ಕೈ ನೇರವಾಗುತ್ತಿಲ್ಲ. ನೋವಿದ್ದರೂ ಫಿಸಿಯೋ ಮಾಡಿಸಬೇಕಾ?

ರಾಜಾಜಿನಗರದ_ಮಗಳು:
ಎಲ್ಲರಿಗೂ ನಮಸ್ಕಾರ. ಯುಗಾದಿ ದಿನ ಆಂಬೊಡೆ ಕರಿಯುವಾಗ ಬಾಣಲೆ ಮಗುಚಿ ಅಮ್ಮನ ಬಲಗೈ ಮೇಲೆ ಎಣ್ಣೆ ಬಿತ್ತು. ಕಂಕುಳಿಂದ ಮಣಿಕಟ್ಟಿನವರೆಗೂ ಸುಟ್ಟಿತ್ತು. ತೊಡೆ ಚರ್ಮ ತೆಗೆದು ಮೊಣಕೈ ಹತ್ತಿರ ಗ್ರಾಫ್ಟ್ ಮಾಡಿದರು. ಈಗ ಗಾಯ ಒಣಗಿದೆ, ಡ್ರೆಸಿಂಗ್ ಕೂಡ ನಿಂತಿದೆ. ಆದರೆ ಇಡೀ ದಿನ ಕೈ ಮಡಚಿಕೊಂಡೇ ಕೂತಿರುತ್ತಾರೆ. ತಲೆ ಬಾಚಿಕೊಳ್ಳಲು ಆಗುವುದಿಲ್ಲ, ಬ್ಲೌಸ್ ನಾನೇ ಹಾಕಬೇಕು. ಫಿಸಿಯೋದವರು ಕೈ ಮುಟ್ಟಿದರೆ ಅಳು. ರಾತ್ರಿ ಕೈ ನೇರವಾಗಿರಲಿ ಅಂತ ಕೊಟ್ಟ ಗಟ್ಟಿ ಆಸರೆ, ಅಂದರೆ ಸ್ಪ್ಲಿಂಟ್, ಕಟ್ಟಿ ಮಲಗಿಸಿದರೆ ಬೆಳಗ್ಗೆ ಅದು ಮಂಚದ ಕೆಳಗೆ! ದೊಡ್ಡಮ್ಮ ಬೇರೆ "ಪಾಪ, ಸುಮ್ನೆ ಬಿಡ್ರೇ, ತಾನಾಗೇ ಸರಿಹೋಗುತ್ತೆ" ಅನ್ನುತ್ತಾರೆ. ಏನು ಮಾಡಲಿ?

ಫಿಸಿಯೋ_ವಿಜಯನಗರ:
ಬಿಡಬೇಡಿ ಮೇಡಂ. ಗಾಯ ಒಣಗಿದ ಮೇಲೇ ನಿಜವಾದ ಕೆಲಸ ಶುರು. ಸುಟ್ಟ ಗಾಯದ ಕಲೆ ಪೂರ್ತಿ ಮಾಗಲು ಒಂದರಿಂದ ಎರಡು ವರ್ಷ ಬೇಕು, ಅಲ್ಲಿಯವರೆಗೆ ಅದು ಕುಗ್ಗುತ್ತಾ ಬಿಗಿಯುತ್ತಾ ಇರುತ್ತದೆ. ಕೈ ಮಡಚಿದರೆ ಹಾಯೆನಿಸುತ್ತದೆ, ಮೋಸ ಇರುವುದೇ ಅಲ್ಲಿ, ಯಾಕೆಂದರೆ ಯಾವ ಭಂಗಿಯಲ್ಲಿ ಜಾಸ್ತಿ ಹೊತ್ತು ಇಡುತ್ತಾರೋ ಆ ಭಂಗಿಯಲ್ಲೇ ಕೈ ಬಿಗಿದುಕೊಳ್ಳುತ್ತದೆ. ಇದನ್ನೇ ನಾವು ಕಾಂಟ್ರಾಕ್ಚರ್ ಅನ್ನುವುದು.

ಹಾಗಂತ ಎಳೆದಾಡಬಾರದು. ಮೊದಲು ಮಾಯಿಶ್ಚರೈಸರ್ ಹಚ್ಚಿ ಕಲೆಯನ್ನು ಒತ್ತಿ ತಿಕ್ಕಿ. ಆಮೇಲೆ ನಿಧಾನಕ್ಕೆ ಚಾಚಿ, ಕಲೆ ಬೆಳ್ಳಗೆ ಬಿಳಿಚಿಕೊಳ್ಳುವ ಹಂತದಲ್ಲಿ ನಿಲ್ಲಿಸಿ ಹಿಡಿದುಕೊಳ್ಳಿ. ಒಂದೇ ಸಲ ಜೋರಾಗಿ ಮಾಡಿಸುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಮಾಡಿಸುವುದು ಒಳ್ಳೆಯದು. ಬಿಗಿಯುವ ನೋವು ಸಹಜ, ಬಿಟ್ಟ ಮೇಲೆ ಇಳಿಯುತ್ತದೆ. ಗಂಟೆಗಟ್ಟಲೆ ಉಳಿದರೆ ಜಾಸ್ತಿ ಆಯಿತು ಅಂತ ಅರ್ಥ. ವ್ಯಾಯಾಮಕ್ಕೆ ಮುಂಚೆ ನೋವಿನ ಮಾತ್ರೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ, ತುಂಬಾ ಜನ ಇದನ್ನು ಕೇಳುವುದೇ ಇಲ್ಲ. ಮೊಣಕೈ ಊದಿಕೊಂಡು ಬಿಸಿಯಾದರೆ, ಅಥವಾ ಮಡಚುವುದೂ ಚಾಚುವುದೂ ದಿನೇ ದಿನೇ ಕಮ್ಮಿಯಾಗುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ತೋರಿಸಿ. ಸುಟ್ಟ ಕೈಯಲ್ಲಿ ಕೀಲಿನ ಸುತ್ತ ಮೂಳೆ ಬೆಳೆಯುವುದುಂಟು, ಎಕ್ಸ್‌ರೇ ತೆಗೆಸಬೇಕಾಗುತ್ತದೆ.

ಕಂಕುಳನ್ನೂ ಮರೆಯಬೇಡಿ. ಮಲಗುವಾಗ ಕೈಯನ್ನು ಪಕ್ಕಕ್ಕೆ, ಭುಜದ ಮಟ್ಟಕ್ಕೆ ಚಾಚಿ ದಿಂಬಿನ ಮೇಲೆ ಇಡಿ.

ಎಡಗೈ_ಅಡುಗೆ:
ಅಕ್ಕ, ಗ್ಯಾಸ್ ಹತ್ತಿಕೊಂಡು ನನಗೂ ಬಲಗೈ ಸುಟ್ಟಿತ್ತು. ಅಮ್ಮ ಸ್ಪ್ಲಿಂಟ್ ಬಿಚ್ಚಿ ಎಸೆಯುತ್ತಾರೆ ಅಂದರೆ ಬೈಯಬೇಡಿ, ಎಲ್ಲಿ ಒತ್ತುತ್ತಿದೆ ಅಂತ ಮೊದಲು ನೋಡಿ. ಪ್ಲಾಸ್ಟಿಕ್‌ನದ್ದಾದರೆ ಬಿಸಿನೀರಲ್ಲಿ ಮೆತ್ತಗಾಗುತ್ತದೆ, ಥೆರಪಿಸ್ಟ್ ಹತ್ತಿರ ಹೋದರೆ ಮತ್ತೆ ಅಳತೆಗೆ ಕೂರಿಸಿಕೊಡುತ್ತಾರೆ. ಕೈ ಸ್ವಲ್ಪ ಚಾಚಿದಂತೆಲ್ಲ ಅದನ್ನೂ ಬದಲಿಸಬೇಕು.

ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು, ಪ್ರೆಷರ್ ಗಾರ್ಮೆಂಟ್, ಕೊಟ್ಟಿದ್ದಾರಾ? ಸ್ನಾನದ ಹೊತ್ತು ಬಿಟ್ಟು 23 ಗಂಟೆ ಹಾಕಿರಬೇಕು ಅನ್ನುತ್ತಾರೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಶಿಕ್ಷೆ, ಕೆರೆತ ಬೇರೆ ಪ್ರಾಣ ತಿನ್ನುತ್ತದೆ. ಎರಡು ಹೊಲಿಸಿ, ಒಂದನ್ನು ಒಗೆದಾಗ ಇನ್ನೊಂದು. ಎರಡು ಮೂರು ತಿಂಗಳಲ್ಲಿ ಸಡಿಲವಾಗುತ್ತದೆ, ಸಡಿಲವಾದದ್ದನ್ನು ಹಾಕಿಕೊಂಡು ಪ್ರಯೋಜನ ಇಲ್ಲ.

ಇನ್ನೊಂದು, ವ್ಯಾಯಾಮ ಅಂದರೆ ನನಗೆ ಕೋಪ ಬರುತ್ತಿತ್ತು, ಮನೆಕೆಲಸ ಅಂದರೆ ಬರುತ್ತಿರಲಿಲ್ಲ. ತಂತಿ ಮೇಲೆ ಬಟ್ಟೆ ಹರವಲಿ, ಮೇಲಿನ ಶೆಲ್ಫ್‌ನಿಂದ ಖಾಲಿ ಡಬ್ಬ ಇಳಿಸಲಿ, ಚಪಾತಿ ಹಿಟ್ಟು ನಾದಲಿ. ಒಲೆ ಹತ್ತಿರ ಮಾತ್ರ ಈಗಲೇ ಕಳಿಸಬೇಡಿ, ಹೊಸ ಚರ್ಮಕ್ಕೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ.

ಮಾರ್ಕೆಟ್_ಮಂಜ:
ಖರ್ಚಿನ ಚಿಂತೆ ಇದ್ದರೆ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಬರ್ನ್ಸ್ ವಾರ್ಡ್‌ನಲ್ಲಿ ಒಮ್ಮೆ ವಿಚಾರಿಸಿ. ನಿಮಗೆ ಹಸಿರು ಮೆಟ್ರೋ ಇದೆಯಲ್ಲ, ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ. ಬಸ್ಸು ಬೇಡ, ಜನ ಕೈಗೆ ತಾಗುತ್ತಾರೆ. ಕೆಲವರು ಆಪರೇಷನ್ ಮಾಡಿಸಿದರೆ ಮುಗಿಯಿತು ಅನ್ನುತ್ತಾರೆ, ನಂಬಬೇಡಿ. ಬಿಗಿ ಬಿಡಿಸಿದ ಮೇಲೂ ಇದೇ ಸ್ಪ್ಲಿಂಟು, ಇದೇ ಫಿಸಿಯೋ.

ರಾಜಾಜಿನಗರದ_ಮಗಳು:
ತುಂಬಾ ಥ್ಯಾಂಕ್ಸ್. ಸ್ಪ್ಲಿಂಟ್ ನೋಡಿದೆ, ಪಟ್ಟಿ ಗ್ರಾಫ್ಟ್ ಅಂಚಿಗೇ ಒತ್ತುತ್ತಿದೆ, ಕೆಂಪಗಾಗಿದೆ. ನಾಳೆ ತೋರಿಸುತ್ತೇನೆ. ಅಂದಹಾಗೆ ಕಲೆ ಮೇಲೆ ಅಂಟಿಸಲು ಸಿಲಿಕೋನ್ ಶೀಟ್ ಕೊಟ್ಟಿದ್ದಾರೆ, ಅಂಟುವುದೇ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಮೇಲೆ ಹಾಕುತ್ತಿದ್ದೇವೆ.

ಫಿಸಿಯೋ_ವಿಜಯನಗರ:
ಎಣ್ಣೆ ಇದ್ದರೆ ಹೇಗೆ ಅಂಟುತ್ತದೆ ಮೇಡಂ! ಮಸಾಜ್ ಆದ ಮೇಲೆ ತೊಳೆದು, ಪೂರ್ತಿ ಒರೆಸಿ ಹಾಕಿ. ಶೀಟನ್ನೂ ದಿನಾ ಸೋಪಿನ ನೀರಲ್ಲಿ ತೊಳೆಯಿರಿ.