ಸರ್ವರ್ ಬದಿಯ ಪ್ರೋಗ್ರಾಮಿಂಗ್: ವೇರಿಯಬಲ್‌ನ ಎಣಿಕೆ ಏಕೆ ಉಳಿಯುತ್ತಿಲ್ಲ?

ಹೊಸಬ:
ಎಲ್ಲರಿಗೂ ನಮಸ್ಕಾರ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಕಲಿತ ಮೇಲೆ ಈಗ ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆ ಹಿಡಿದಿದ್ದೇನೆ. ಅಭ್ಯಾಸಕ್ಕೆಂದು, ಗ್ರಂಥಾಲಯದ ಸದಸ್ಯರ ಹೆಸರನ್ನು ಫಾರ್ಮ್ ಮೂಲಕ ಪಡೆದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಉಳಿಸುವ ಪುಟವೊಂದನ್ನು ಬರೆದಿದ್ದೇನೆ. ಫಾರ್ಮ್ ಬಂದಾಗಲೆಲ್ಲ ಒಂದು ವೇರಿಯಬಲ್‌ಗೆ 1 ಕೂಡಿಸಿದರೂ ಪುಟ ಯಾವಾಗಲೂ 1 ಎಂದೇ ತೋರಿಸುತ್ತದೆ. ಜೊತೆಗೆ, ಹೆಸರು ಸೇರಿಸಿದ ಮೇಲೆ ಪುಟವನ್ನು ರಿಫ್ರೆಶ್ ಮಾಡಿದರೆ ಅದೇ ಹೆಸರು ಮತ್ತೊಮ್ಮೆ ಸೇರಿಕೊಳ್ಳುತ್ತದೆ. ಪಿಎಚ್‌ಪಿ ಬಿಟ್ಟು ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಕಲಿ ಎಂದು ಗೆಳೆಯರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಮಲೆನಾಡಿಗ:
ಇದಕ್ಕಾಗಿ ಭಾಷೆ ಬದಲಿಸಬೇಕಾಗಿಲ್ಲ. ಪಿಎಚ್‌ಪಿಯ ಸಾಮಾನ್ಯ ವ್ಯವಸ್ಥೆಯಲ್ಲಿ, ಬ್ರೌಸರ್‌ನಿಂದ ರಿಕ್ವೆಸ್ಟ್ ಬಂದಾಗ ನಿಮ್ಮ ಫೈಲ್ ಮೊದಲ ಸಾಲಿನಿಂದ ಓಡಿ, ಪುಟವನ್ನು ಕಳುಹಿಸಿ, ಅಲ್ಲಿಗೆ ಮುಗಿಯುತ್ತದೆ. ಅದರೊಂದಿಗೆ ವೇರಿಯಬಲ್‌ಗಳೂ ಅಳಿದುಹೋಗುತ್ತವೆ. ಒಬ್ಬ ಬಳಕೆದಾರರಿಗೆ ಮಾತ್ರ ಸಂಬಂಧಿಸಿದ್ದನ್ನು ಸೆಷನ್‌ನಲ್ಲಿಡಬೇಕು: ಸರ್ವರ್ ಒಂದು ಗುರುತನ್ನು ಕುಕಿಯ ರೂಪದಲ್ಲಿ ಬ್ರೌಸರ್‌ಗೆ ಕೊಡುತ್ತದೆ, ಬ್ರೌಸರ್ ಅದನ್ನು ಮುಂದಿನ ಪ್ರತಿ ರಿಕ್ವೆಸ್ಟ್‌ನೊಂದಿಗೆ ಮರಳಿಸುತ್ತದೆ, ಮಾಹಿತಿ ಮಾತ್ರ ಸರ್ವರ್‌ನಲ್ಲೇ ಇರುತ್ತದೆ. ಸದಸ್ಯರ ಒಟ್ಟು ಎಣಿಕೆ ಎಲ್ಲರಿಗೂ ಒಂದೇ ಆದ್ದರಿಂದ ಅದನ್ನು ಡೇಟಾಬೇಸ್‌ನಿಂದಲೇ ಪಡೆಯಿರಿ.

ನೋಡ್‌ನಲ್ಲಿ ಪ್ರೋಗ್ರಾಂ ನಿರಂತರವಾಗಿ ಓಡುತ್ತಿರುವುದರಿಂದ, ಹೊರಗಿನ ಹಂತದಲ್ಲಿ ಘೋಷಿಸಿದ ವೇರಿಯಬಲ್ 1, 2, 3 ಎಂದು ಏರುತ್ತದೆ. ಆದರೆ ಸರ್ವರನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಅದೂ ಸೊನ್ನೆಗೆ ಇಳಿಯುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಆ ವೇರಿಯಬಲ್‌ನಲ್ಲಿ ಒಬ್ಬರ ಲಾಗಿನ್ ವಿವರ ಇಟ್ಟರೆ ಅದು ಇನ್ನೊಬ್ಬರ ಪುಟದಲ್ಲಿ ಕಾಣಿಸಿಕೊಳ್ಳಬಹುದು. ಗೆಳೆಯರ ಸಲಹೆಯಲ್ಲಿ ಇಷ್ಟು ವಿಷಯ ಬಿಟ್ಟುಹೋಗಿದೆ.

ಕಡಲತೀರ:
ರಿಫ್ರೆಶ್ ಮಾಡಿದಾಗ ಬ್ರೌಸರ್ ಕೊನೆಯ ಪೋಸ್ಟ್ ರಿಕ್ವೆಸ್ಟನ್ನೇ (ಫಾರ್ಮ್‌ನ ಮಾಹಿತಿ ಹೊತ್ತ ರಿಕ್ವೆಸ್ಟ್) ಮತ್ತೆ ಕಳುಹಿಸುತ್ತದೆ. ಅದಕ್ಕೂ ಮುನ್ನ ಅದು ಕೇಳುವ ಎಚ್ಚರಿಕೆಯ ಪ್ರಶ್ನೆಯನ್ನು ಓದದೆ ಒತ್ತಿಬಿಡುವವರೇ ಹೆಚ್ಚು. ಹೆಸರನ್ನು ಉಳಿಸಿದ ಬಳಿಕ ಅಲ್ಲಿಯೇ ಪುಟವನ್ನು ತೋರಿಸದೆ, 303 ಎಂಬ ಸ್ಟೇಟಸ್ ಕೋಡ್‌ನೊಂದಿಗೆ ಪಟ್ಟಿಯ ಪುಟದ ವಿಳಾಸಕ್ಕೆ ರೀಡೈರೆಕ್ಟ್ ಮಾಡಿ, ಅಂದರೆ ಬ್ರೌಸರನ್ನು ಅಲ್ಲಿಗೆ ಕಳುಹಿಸಿ. ಆ ಪುಟವನ್ನು ಬ್ರೌಸರ್ ಗೆಟ್ (ಪುಟವನ್ನು ಕೇಳಿ ಪಡೆಯುವ ರಿಕ್ವೆಸ್ಟ್) ಮೂಲಕ ತರುವುದರಿಂದ, ಎಷ್ಟು ಸಲ ರಿಫ್ರೆಶ್ ಮಾಡಿದರೂ ಹೊಸ ಸಾಲು ಸೇರುವುದಿಲ್ಲ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟು ಫಾರ್ಮ್ ಕಳುಹಿಸಿದರೆ ಪೋಸ್ಟ್‌ಗೆ 303, ಅದರ ಕೆಳಗೆ ಗೆಟ್‌ಗೆ 200 (ಯಶಸ್ವಿ) ಕಾಣಿಸಬೇಕು. ಔಟ್‌ಪುಟ್ ಬಫರಿಂಗ್ (ಪುಟವನ್ನು ಕಳುಹಿಸುವ ಮುನ್ನ ತಡೆದಿಟ್ಟುಕೊಳ್ಳುವ ಸೌಲಭ್ಯ) ಇಲ್ಲದಿದ್ದಲ್ಲಿ, ಪಿಎಚ್‌ಪಿ ಟ್ಯಾಗ್‌ಗಿಂತ ಮೊದಲು ಒಂದೇ ಒಂದು ಖಾಲಿ ಸಾಲಿದ್ದರೂ ಅದು ಮೊದಲೇ ಬ್ರೌಸರ್‌ಗೆ ಹೋಗಿಬಿಡುವುದರಿಂದ ರೀಡೈರೆಕ್ಟ್ ಕೆಲಸ ಮಾಡದು.

ಹೊಸಬ:
ಎರಡೂ ಸರಿಹೋದವು, ಧನ್ಯವಾದಗಳು. ಆದರೆ ಡಿ'ಸೋಜ ಎಂದು ತುಂಬಿದಾಗ ಮಾತ್ರ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಆದೇಶ ಭಾಷೆ) ಸಿಂಟ್ಯಾಕ್ಸ್ ದೋಷ ಬರುತ್ತಿದೆ.

ಮಲೆನಾಡಿಗ:
ಹಾಗಾದರೆ ಹೆಸರನ್ನು ನೇರವಾಗಿ ಕ್ವೆರಿಯ (ಡೇಟಾಬೇಸ್‌ಗೆ ಕೊಡುವ ಆದೇಶ) ಪಠ್ಯಕ್ಕೆ ಜೋಡಿಸುತ್ತಿದ್ದೀರಿ. ಹೆಸರಿನೊಳಗಿನ ಒಂಟಿ ಉದ್ಧರಣ ಚಿಹ್ನೆಯನ್ನು ಡೇಟಾಬೇಸ್ ಪಠ್ಯದ ಕೊನೆಯೆಂದು ತಿಳಿದು, ಉಳಿದ "ಸೋಜ" ಎಂಬುದನ್ನು ಆದೇಶದ ಭಾಗವಾಗಿ ಓದಲು ಹೋಗುತ್ತದೆ. ಇಂದು ದೋಷವಾಗಿ ಕಂಡ ಈ ಕಿಂಡಿಯಿಂದಲೇ ನಾಳೆ ಯಾರಾದರೂ ತಮಗೆ ಬೇಕಾದ ಆದೇಶವನ್ನು ತೂರಿಸಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದರೆ ಇದೇ. ಚಿಹ್ನೆಯನ್ನು ತೆಗೆದುಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಅವರ ಹೆಸರಿನ ಭಾಗ. ಪಿಡಿಒದ (ಡೇಟಾಬೇಸ್ ಬಳಸಲು ಪಿಎಚ್‌ಪಿಯಲ್ಲಿರುವ ಸೌಲಭ್ಯ) ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯಿಟ್ಟು, ಮೌಲ್ಯವನ್ನು ಪ್ರತ್ಯೇಕವಾಗಿ ಕೊಡಿ. ಈ ಚಿಹ್ನೆ ಮೌಲ್ಯಗಳಿಗೆ ಮಾತ್ರ ಸಲ್ಲುತ್ತದೆ; ಟೇಬಲ್ ಅಥವಾ ಕಾಲಂ ಹೆಸರಿನ ಜಾಗದಲ್ಲಿ ಅದನ್ನು ಇಡಲು ಬರುವುದಿಲ್ಲ.