ಬೈಲಿಗೆ ನಾಟಿ ಯಂತ್ರ, ಕಟಾವು ಯಂತ್ರ ತಂದರೆ ಏನೇನು ಬದಲಾಗುತ್ತದೆ?

ಬೈಲುಮನೆ (ಉಡುಪಿ):
ನಮ್ಮ ಬೈಲಿನಲ್ಲಿ (ತಗ್ಗಿನ ಗದ್ದೆಬಯಲಿನಲ್ಲಿ) ಹನ್ನೊಂದು ಮನೆಯವರ ಗದ್ದೆಗಳಿವೆ. ಹೆಚ್ಚಿನವರದು ಎಂಒ-4 ಎಂಬ ಭತ್ತದ ತಳಿ, ಇಬ್ಬರು ಎತ್ತರದ ಊರ ತಳಿ ಹಾಕುತ್ತಾರೆ. ನೇಜಿ (ಭತ್ತದ ಸಸಿ) ನೆಡಲು ಆಳು ಸಾಲುತ್ತಿಲ್ಲ. ಈ ಏಣೆಲಿಗೆ (ಮಳೆಗಾಲದ ಮೊದಲ ಬೆಳೆಗೆ) ಎಂಟು ಸಾಲಿನ ನಾಟಿ ಯಂತ್ರ, ಕೊಯ್ಲಿಗೆ ಬಾಡಿಗೆ ಕಟಾವು ಯಂತ್ರ ತರುವ ಮಾತಿದೆ. ಹಟ್ಟಿಯ ದನಗಳಿಗೆ ಬೈಹುಲ್ಲು ಬೇಕು. ನಾಟಿಗೆ ಬರುವ ಹೆಂಗಸರ ಕೆಲಸವೂ ತಪ್ಪಬಾರದು. ಏನೇನು ನೋಡಿಕೊಳ್ಳಬೇಕು?

ಚಾಪೆನೇಜಿ:
ಮೊದಲು ನೀರು ನೋಡಿ. ಯಂತ್ರಕ್ಕೆ 15–18 ದಿನದ, ನಾಲ್ಕೈದು ಇಂಚಿನ ನೇಜಿ ಬೇಕು. ಕೈನಾಟಿಯ 25–30 ದಿನದ ನೇಜಿ ತಡೆಯುವ ಮಳೆನೀರಿನಲ್ಲಿ ಇದು ಮುಳುಗಿ ಕೊಳೆಯುತ್ತದೆ. ನೀರು ಬಸಿಯದ ತಗ್ಗಿನ ಗದ್ದೆಗಳನ್ನು ಕೈನಾಟಿಗೇ ಬಿಡಿ, ಮಜಲಿಗೆ (ತುಸು ಎತ್ತರದ ಗದ್ದೆಗೆ) ಯಂತ್ರ ಇಳಿಸಿ.

ಎಕರೆಗೆ 12ರಿಂದ 15 ಕಿಲೋ ಬೀಜ, ಸುಮಾರು 40 ಚದರ ಮೀಟರ್ ಚಾಪೆ (ಹಾಳೆಯ ಮೇಲೆ ಚಾಪೆಯಂತೆ ಬೆಳೆಸಿದ ನೇಜಿ) ಸಾಕು. ಪ್ಲಾಸ್ಟಿಕ್ ಹಾಳೆಯ ಮೇಲೆ ಜರಡಿ ಹಿಡಿದ ಮಣ್ಣನ್ನು ಎರಡು ಸೆಂ.ಮೀ. ದಪ್ಪ ಹರಡಿ. ಕಲ್ಲು ಉಳಿದರೆ ಯಂತ್ರದಲ್ಲಿ ನೇಜಿ ಹಿಡಿದು ನೆಡುವ ಬೆರಳು ಬಾಗುತ್ತದೆ. ಮೊಳಕೆ ಬಿಳಿ ಚುಕ್ಕೆಯಷ್ಟು ಕಂಡೊಡನೆ ಬಿತ್ತಿ. ಉದ್ದವಾದರೆ ಒಂದಕ್ಕೊಂದು ಹೆಣೆದುಕೊಂಡು ಸಮನಾಗಿ ಹರಡುವುದಿಲ್ಲ. ಗದ್ದೆಗೆ ಹಲಗೆ ಹೊಡೆದು ಒಂದೆರಡು ದಿನ ಕೆಸರು ತಳ ಕೂರಲಿ. ನಾಟಿಯ ಹೊತ್ತಿಗೆ ನೀರು ಒಂದೆರಡು ಸೆಂ.ಮೀ. ಮೀರಿದರೆ ನೇಜಿ ತೇಲುತ್ತದೆ, ಕೆಸರು ಕೂರದಿದ್ದರೆ ಹೂತುಹೋಗುತ್ತದೆ.

ಊರತಳಿ:
ನನಗೆ ಹೆಚ್ಚು ಆತಂಕ ಕಟಾವು ಯಂತ್ರದ್ದು. ಬೈಲಿನ ಒಳಗದ್ದೆಗೆ ಅದು ಹೋಗುವುದೇ ಬೇರೆಯವರ ಗದ್ದೆ ದಾಟಿ. ದಾರಿಯ ಗದ್ದೆ ಮೊದಲು ಕೊಯ್ದಾಗಬೇಕು, ಅಂದರೆ ಎಲ್ಲರ ಪೈರೂ ಒಂದೇ ವಾರ ಹಣ್ಣಾಗಬೇಕು. ಇಳುವರಿ ಚೆನ್ನಾಗಿದ್ದರೂ ತಡವಾಗಿ ಮಾಗುವ ಊರ ತಳಿ ಬೈಲು ಬಿಡುವುದು ಹೀಗೆ. ಆ ಇಬ್ಬರ ತಳಿ ಎಷ್ಟು ದಿನದ್ದು ಎಂದು ಬಿತ್ತನೆಗೆ ಮೊದಲೇ ಎಲ್ಲರೂ ಕೂತು ಲೆಕ್ಕ ಹಾಕಿ. ಅಷ್ಟು ದಿನ ಮುಂಚೆ ಬಿತ್ತಿಸಿ, ಆಗದಿದ್ದರೆ ದಾರಿಬದಿಯ ಗದ್ದೆಯನ್ನು ಅದಲುಬದಲು ಮಾಡಿಕೊಡಿ.

ಇನ್ನೊಂದು, ಯಂತ್ರದ ಹೊಟ್ಟೆಯಲ್ಲಿ ಹಿಂದಿನ ಊರಿನ ಭತ್ತವೂ ಕಳೆಬೀಜವೂ ಉಳಿದಿರುತ್ತವೆ. ಬೀಜಕ್ಕೆ ಇಡುವ ಗದ್ದೆಯ ತುಂಡನ್ನು ಕತ್ತಿಯಲ್ಲೇ ಕೊಯ್ಯಿರಿ.

ಬೈಲುಮನೆ:
ಬೈಹುಲ್ಲಿನ ಕಥೆ?

ಊರತಳಿ:
ಕಟಾವು ಯಂತ್ರ ಹುಲ್ಲನ್ನು ತುಂಡು ಮಾಡಿ ಚೆಲ್ಲುತ್ತದೆ. ಚೈನಿನಡಿ ಕೆಸರು ಮೆತ್ತಿದರೆ ದನ ಮೂಸುವುದಿಲ್ಲ. ಕೊಯ್ಲಿಗೆ ಹತ್ತು ದಿನ ಮೊದಲೇ ನೀರು ಕಡಿಯಿರಿ. ಉದ್ದ ಹುಲ್ಲೇ ಬೇಕಾದವರು, ಮುಖ್ಯವಾಗಿ ಮುಡಿ (ಅಕ್ಕಿ ತುಂಬಿಡುವ ಹುಲ್ಲಿನ ಕಟ್ಟು) ಕಟ್ಟುವವರು, ಬರೀ ಕೊಯ್ದು ಮಲಗಿಸುವ ಸಣ್ಣ ಯಂತ್ರ ತಂದು ಬೇರೆಯಾಗಿ ಬಡಿಯುವುದು ಒಳ್ಳೆಯದು.

ಚಾಪೆನೇಜಿ:
ಹೆಂಗಸರ ಗುಂಪಿಗೆ ಚಾಪೆ ನೇಜಿಯ ಕೆಲಸವನ್ನೇ ಎಕರೆ ಲೆಕ್ಕದಲ್ಲಿ ವಹಿಸಿ. ಮಣ್ಣು ಜರಡಿ, ಬಿತ್ತನೆ, ದಿನವೂ ನೀರು, ಚಾಪೆ ಕತ್ತರಿಸಿ ಸಾಗಿಸುವುದು, ಎಲ್ಲ ಸೇರಿ. ಗದ್ದೆಯ ಮೂಲೆಗಳಿಗೆ ಯಂತ್ರ ತಿರುಗುವುದಿಲ್ಲ, ನಡುನಡುವೆ ಸಾಲು ತಪ್ಪುತ್ತದೆ. ವಾರದೊಳಗೆ ಕೈಯಲ್ಲಿ ತುಂಬಿಸಬೇಕು. ಎಳೆ ನೇಜಿಯಾದ್ದರಿಂದ ಕಳೆ ಬೇಗ ಮೇಲೇಳುತ್ತದೆ. ಸಾಲಿನ ಅಂತರ ಸುಮಾರು 24 ಸೆಂ.ಮೀ. ಇರುವುದರಿಂದ ತಳ್ಳುವ ಕಳೆಯಂತ್ರ ಸಲೀಸಾಗಿ ಓಡುತ್ತದೆ, ಹತ್ತು ಹದಿನೈದು ದಿನಕ್ಕೆ ಮೊದಲ ಸುತ್ತು. ಕೂಲಿಯನ್ನು ಮೇ ತಿಂಗಳಲ್ಲೇ ಅವರೊಡನೆ ಕೂತು ಗೊತ್ತುಮಾಡಿ. ಮಳೆ ಹಿಡಿದ ಮೇಲೆ ಕರೆದರೆ ಅವರು ಬೇರೆ ಕೆಲಸ ಒಪ್ಪಿಕೊಂಡಿರುತ್ತಾರೆ.