‘ಮೀಟರ್ ಓಡುತ್ತಿಲ್ಲ’ ಎಂದರೆ ಯಾವುದು ಓಡುತ್ತಿಲ್ಲ?

ಮಾನ್ಯರೆ,

ಸರಕು ವಾಹನಗಳ ಚಾಲಕರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿಯನ್ನು ಬರೆಯುತ್ತಿದ್ದೇನೆ. ಹಳೆಯ ಪಿಕಪ್ಪಿನ ಸ್ಪೀಡೋಮೀಟರ್ ಕೆಟ್ಟಾಗ ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ಬಗೆಯನ್ನು ವಿವರಿಸುವ ಅಧ್ಯಾಯ ‘ಮೀಟರ್’ ಎಂಬ ಪದದ ಬಳಿ ಬಂದು ನಿಂತಿದೆ. ಇದರ ಬಳಕೆಯ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಸಾಗಿಸುವ ನಮ್ಮ ಮನೆಯ ಪಿಕಪ್ಪಿನಲ್ಲಿ ಈಚೆಗೆ ಇದೇ ತೊಂದರೆ ಕಾಣಿಸಿತು. ‘ಮೀಟರ್ ಓಡುತ್ತಿಲ್ಲ’ ಎಂದು ನನ್ನ ತಮ್ಮ ಹೇಳಿದೊಡನೆ ಗ್ಯಾರೇಜಿನ ಮೇಸ್ತ್ರಿಯವರು ಕೇಳಿದ್ದು ಹೀಗೆ: ‘ಮುಳ್ಳು ಏಳ್ತಿಲ್ವೋ, ಕಿಲೋಮೀಟರ್ ಓಡ್ತಿಲ್ವೋ?’ ದೋಷ ಹುಡುಕುವ ಕೆಲಸದಲ್ಲಿ ಅರ್ಧದಷ್ಟು ಈ ಒಂದು ಪ್ರಶ್ನೆಯಲ್ಲೇ ಅಡಗಿದೆಯೆಂದು ನನಗೆ ಆಮೇಲೆ ತಿಳಿಯಿತು. ನಾವು ‘ಮೀಟರ್’ ಎಂದು ಒಂದೇ ಹೆಸರಿನಿಂದ ಕರೆಯುವ ಡಬ್ಬಿಯೊಳಗೆ ಎರಡು ಬೇರೆ ಬೇರೆ ಸಾಧನಗಳಿವೆ. ಒಂದು ವೇಗವನ್ನು ತೋರಿಸುತ್ತದೆ, ಇನ್ನೊಂದು ಕ್ರಮಿಸಿದ ದೂರವನ್ನು ಎಣಿಸುತ್ತದೆ.

ಕೇಬಲ್ ಇರುವ ಹಳೆಯ ವಾಹನಗಳಲ್ಲಿ ಗೇರ್‌ಬಾಕ್ಸಿನ ಹೊರಹೋಗುವ ದಂಡದ ಮೇಲಿನ ವರ್ಮ್ (ತಿರುಪಿನಂಥ ಹಲ್ಲಿರುವ ಭಾಗ) ಒಂದು ಸಣ್ಣ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಆ ಗಾಲಿ ಕೇಬಲ್ಲಿನ ಒಳತಂತಿಯನ್ನು, ಒಳತಂತಿಯು ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತವೆ. ಅಯಸ್ಕಾಂತದ ಸುತ್ತ ಅದಕ್ಕೆ ತಾಗದಂತೆ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಅಯಸ್ಕಾಂತ ತಿರುಗಿದಾಗ ಆ ಬಟ್ಟಲಿನಲ್ಲಿ ಸುಳಿವಿದ್ಯುತ್ತು (ಲೋಹದೊಳಗೆ ಸುಳಿಸುಳಿಯಾಗಿ ಹರಿಯುವ ವಿದ್ಯುತ್ತು) ಹುಟ್ಟಿ ಅದನ್ನು ಜೊತೆಗೆ ಎಳೆಯುತ್ತದೆ, ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ, ಈ ಎರಡು ಎಳೆತಗಳು ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯವು ಕೇಬಲ್ ಮೀಟರುಗಳಲ್ಲಿ ಬಹುಕಾಲ ಉಳಿದುಬಂತು. ದೂರದ ಅಂಕಿಗಳನ್ನು ಮಾತ್ರ ಮೀಟರಿನೊಳಗೆ ಅಯಸ್ಕಾಂತವನ್ನು ಹೊತ್ತ ದಂಡದಿಂದಲೇ ಹೊರಟ ಪುಟ್ಟ ಹಲ್ಲುಗಾಲಿಗಳು ನೇರವಾಗಿ ತಿರುಗಿಸುತ್ತವೆ.

ಆದ್ದರಿಂದ ಅಂಕಿಗಳು ಓಡುತ್ತಿದ್ದು ಮುಳ್ಳು ಮಾತ್ರ ಏಳದಿದ್ದರೆ ಕೇಬಲ್ ಸರಿಯಾಗಿದೆ, ದೋಷ ಮೀಟರಿನೊಳಗೇ ಇದೆ. ಮುಳ್ಳು ಆಡುತ್ತಿದ್ದು ಅಂಕಿಗಳು ನಿಂತಿದ್ದರೆ ಒಳಗಿನ ಪುಟ್ಟ ಹಲ್ಲುಗಾಲಿಯನ್ನು ನೋಡಬೇಕು. ಎರಡೂ ನಿಂತಿದ್ದರೆ ಮೀಟರನ್ನು ಬಿಚ್ಚುವ ಮೊದಲು ಅದರ ಹಿಂಬದಿಯಿಂದ ಕೇಬಲನ್ನು ಕಳಚಿ, ವಾಹನವನ್ನು ನಿಧಾನವಾಗಿ ಮುಂದಕ್ಕೆ ತಳ್ಳಿಸಿ, ಒಳತಂತಿಯ ತುದಿ ತಿರುಗುವುದೋ ಎಂದು ಗಮನಿಸಬೇಕು. ತಿರುಗದಿದ್ದರೆ ತಂತಿ ಕಡಿದಿದೆ, ಇಲ್ಲವೆ ಗೇರ್‌ಬಾಕ್ಸಿನ ಬಳಿಯ ಹಲ್ಲು ಸವೆದಿದೆ. ನಮ್ಮ ಪಿಕಪ್ಪಿನಲ್ಲಿ ತಂತಿ ಕಡಿದಿತ್ತು. ನನ್ನ ತಮ್ಮನ ಮಾತನ್ನಷ್ಟೇ ನಂಬಿದ್ದರೆ ಹೊಸ ಮೀಟರನ್ನೇ ಕೊಂಡುಬಿಡುತ್ತಿದ್ದೆವು.

ಕೈಪಿಡಿಯ ಮೊದಲ ಕರಡಿನಲ್ಲಿ ನಾನು ‘ವೇಗಮಾಪಕ’ ಮತ್ತು ‘ದೂರಮಾಪಕ’ ಎಂದು ಬರೆದಿದ್ದೆ. ಉಷ್ಣಮಾಪಕ, ವಾಯುಭಾರಮಾಪಕಗಳ ಸಾಲಿನಲ್ಲಿ ಇವು ಒಪ್ಪುತ್ತವೆ, ಅರ್ಥವೂ ಸ್ಪಷ್ಟ. ಆದರೆ ಕರಡನ್ನು ಓದಿದ ಚಾಲಕರೊಬ್ಬರಿಗೆ ಎರಡರಲ್ಲಿ ಯಾವುದು ಯಾವುದೆಂದು ಪ್ರತಿ ಸಲವೂ ಯೋಚಿಸಬೇಕಾಯಿತು. ‘ಮುಳ್ಳು’ ಮತ್ತು ‘ಅಂಕಿ’ ಎಂದಾಗ ಅವರಿಗೆ ತಡೆಯೇ ಆಗಲಿಲ್ಲ. ಗಡಿಯಾರಕ್ಕೂ ತಕ್ಕಡಿಗೂ ಮುಳ್ಳೆಂಬ ಮಾತು ಮೊದಲೇ ಇರುವುದರಿಂದ ಇಲ್ಲಿಯೂ ಅದು ತಾನಾಗಿ ಕೂರುತ್ತದೆ. ಸಾಧನದ ಹೆಸರಿಗಿಂತ ಕಣ್ಣಿಗೆ ಕಾಣುವ ಭಾಗದ ಹೆಸರೇ ಇಂಥ ಬರಹಕ್ಕೆ ತಕ್ಕುದೆಂದು ನನ್ನ ಅನಿಸಿಕೆ.

ಕ್ರಿಯಾಪದಗಳಲ್ಲಂತೂ ಗ್ಯಾರೇಜಿನ ಕನ್ನಡ ನನ್ನ ಕರಡಿಗಿಂತ ಬಹಳ ಶ್ರೀಮಂತವಾಗಿದೆ. ‘ವಿಫಲಗೊಂಡ ಕೇಬಲ್’ ಎಂದು ನಾನು ಬರೆದ ಕಡೆ ಮೇಸ್ತ್ರಿಯವರ ಬಾಯಲ್ಲಿ ತಂತಿ ಕಡಿಯುತ್ತದೆ, ಹಲ್ಲು ಸವೆಯುತ್ತದೆ, ಗ್ರೀಸ್ ಒಣಗುತ್ತದೆ, ಮುಳ್ಳು ಕುಣಿಯುತ್ತದೆ. ಪ್ರತಿಯೊಂದು ಕ್ರಿಯಾಪದವೂ ಒಂದೊಂದು ಕಾರಣದ ಕಡೆಗೆ ಬೆರಳು ತೋರಿಸುತ್ತದೆ. ಮುಳ್ಳು ಕುಣಿಯುವುದೆಂದರೆ ಗ್ರೀಸ್ ಒಣಗಿಯೋ ಕೇಬಲ್ ಹೆಚ್ಚು ಬಾಗಿಯೋ ಒಳತಂತಿ ಹೊರಕವಚದಲ್ಲಿ ತಡೆತಡೆದು ತಿರುಗುತ್ತಿದೆಯೆಂದು ಅರ್ಥ. ಅದು ಕಡಿಯುವುದಕ್ಕೆ ಮುಂಚಿನ ಸೂಚನೆಯೂ ಆಗಿರಬಹುದು. ಕೇಬಲ್ ಇಲ್ಲದೆ ಸೆನ್ಸರ್ ಇರುವ ವಾಹನಗಳಿಗೆ ಬಂದರೆ ಈ ಸಂಪತ್ತು ಒಮ್ಮೆಲೇ ಕರಗಿ, ‘ಸೆನ್ಸರ್ ಹೋಗಿದೆ’ ಎಂಬ ಒಂದೇ ಮಾತು ಉಳಿಯುತ್ತದೆ.

ಈ ವಾಹನದ ಹೆಸರಿನಲ್ಲಿಯೂ ಒಂದು ತೊಡಕಿದೆ. ‘ಪಿಕಪ್ ಇಲ್ಲ’ ಎಂದರೆ ನಮ್ಮಲ್ಲಿ ಎಂಜಿನ್ ಬೇಗ ವೇಗ ಪಡೆಯುತ್ತಿಲ್ಲವೆಂದು ಅರ್ಥ. ಆದಕಾರಣ ‘ಪಿಕಪ್ಪಿನ ದೋಷ’ ಎಂಬ ಶೀರ್ಷಿಕೆಯನ್ನು ಕೈಬಿಟ್ಟು ‘ಪಿಕಪ್ ಗಾಡಿಯ ದೋಷ’ ಎಂದು ತಿದ್ದಿದ್ದೇನೆ.

ಇನ್ನು ದೋಷ ಪತ್ತೆಹಚ್ಚುವ ಕ್ರಿಯೆಗೆ ಒಂದು ಹೆಸರು ಬೇಕು. ವೈದ್ಯರ ‘ರೋಗನಿದಾನ’ವನ್ನು ಅನುಸರಿಸಿ ‘ದೋಷನಿದಾನ’ ಎನ್ನಲು ಮನಸ್ಸಿತ್ತು, ಏಕೆಂದರೆ ನಿದಾನವೆಂದರೆ ಮೂಲ ಕಾರಣ, ಮತ್ತು ಇಲ್ಲಿ ಮಾಡುವುದೂ ಲಕ್ಷಣದಿಂದ ಕಾರಣದ ಕಡೆಗೆ ಹೋಗುವ ಕೆಲಸವನ್ನೇ. ಆದರೆ ಆಡುಮಾತಿನಲ್ಲಿ ಮಹಾಪ್ರಾಣ ನಿಲ್ಲದಿರುವುದರಿಂದ ‘ನಿದಾನ’ ಮತ್ತು ‘ನಿಧಾನ’ ಎರಡೂ ಒಂದೇ ಆಗಿ ಕೇಳಿಸುತ್ತವೆ, ಅದರಲ್ಲೂ ‘ವೇಗಮಾಪಕದ ನಿದಾನ’ ಎಂದು ಯಾರಾದರೂ ಗಟ್ಟಿಯಾಗಿ ಓದಿದರೆ ಮುಳ್ಳು ಮೆಲ್ಲನೆ ಏಳುತ್ತಿದೆಯೆಂದೇ ಕೇಳುವವರು ತಿಳಿಯುತ್ತಾರೆ. ಗ್ಯಾರೇಜಿನಲ್ಲಿ ದೋಷಕ್ಕೆ ‘ಕಂಪ್ಲೇಂಟ್’ ಎನ್ನುತ್ತಾರೆ, ಆದರೆ ಅದು ದೂರು ಎಂಬ ಅರ್ಥವನ್ನೂ ಹೊತ್ತಿರುವುದರಿಂದ ಬರಹದಲ್ಲಿ ತಂದರೆ ಗೊಂದಲವಾಗುತ್ತದೆ. ಸದ್ಯಕ್ಕೆ ‘ದೋಷ ಪತ್ತೆ’ ಎಂದು ಇಟ್ಟುಕೊಂಡಿದ್ದೇನೆ.

ಒಳತಂತಿ ಕಡಿಯದೆ, ಆದರೆ ಕವಚದೊಳಗೆ ಸಲೀಸಾಗಿ ತಿರುಗದೆ ಇರುವ ಸ್ಥಿತಿಗೆ ನಮ್ಮ ಕಡೆ ‘ಕೇಬಲ್ ಹಿಡ್ಕೊಂಡಿದೆ’ ಎನ್ನುತ್ತಾರೆ. ಧಾರವಾಡ, ಕಲಬುರಗಿ, ಮಂಗಳೂರಿನ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಬಳಕೆಯಲ್ಲಿರುವ ಮಾತು ಯಾವುದು? ಮುಳ್ಳು ನಿಂತಿರುವುದಕ್ಕೂ ಅಂಕಿ ನಿಂತಿರುವುದಕ್ಕೂ ಅಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆಯೆ? ಕೇಳಿ ಬಲ್ಲವರು ಆ ವಾಕ್ಯವನ್ನು ಆಡಿದಂತೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.